ಮಾಮೂಲು: ಒಂದು ಮಾತು ಹಾದಿ ತಪ್ಪಿದ ಕಥೆ

ಮೂರು ವರ್ಷಗಳ ಹಿಂದೆ ಅಬ್ಬಾ ತೀರಿಕೊಂಡ ಮೇಲೆ ಮನೆಯ ಖಾತೆಯನ್ನು ಅಮ್ಮನ ಹೆಸರಿಗೆ ಮಾಡಿಸಲು ಒಂದು ಸರಕಾರಿ ಕಚೇರಿಗೆ ಅಲೆಯಬೇಕಾಯಿತು. ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ತಕರಾರು ಮಾಡುವವರು ಯಾರೂ ಇರಲಿಲ್ಲ. ಆದರೂ ಫೈಲು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಲಿಲ್ಲ. ಮೂರನೆಯ ಸಲ ಹೋದಾಗ ಅಲ್ಲಿದ್ದ ಗುಮಾಸ್ತರು ತಲೆ ಎತ್ತದೆಯೇ, ತುಂಬ ಸಭ್ಯವಾಗಿ, "ಮೇಷ್ಟ್ರ ಮಗ ಅಂತೀರಿ, ಜಾಸ್ತಿ ಏನೂ ಬೇಡ, ಮಾಮೂಲು ಎಷ್ಟಿದೆಯೋ ಅಷ್ಟು ಕೊಟ್ಟು ಹೋಗಿ" ಎಂದರು. ಕೊಟ್ಟೆ. ನಾಲ್ಕನೆಯ ದಿನ ಖಾತೆ ಆಯಿತು.

ಮನೆಗೆ ಬಂದಾಗ ಅಮ್ಮ ಕೇಳಿದರು: "ರಿಷ್ವತ್ ದಿಯಾ ಕ್ಯಾ ರೇ?"

"ರಿಷ್ವತ್ ನಕ್ಕೋ ಬೋಲೋ ಅಮ್ಮಾ, ಮಾಮೂಲ್ ದಿಯಾ" ಎಂದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ದಖನಿಯಲ್ಲೇ ಹೇಳಿದ ಮಾತನ್ನು ಕನ್ನಡಕ್ಕೆ ತಂದರೆ ಹೀಗಿರುತ್ತದೆ: "ಫಜ್ರ್ ನಮಾಝ್ ಆದ ಮೇಲೆ ಒಂದು ತಾಸು ಕುರ್‌ಆನ್ ಓದುವುದು ನಿನ್ನ ಅಬ್ಬಾನ ಮಾಮೂಲಾಗಿತ್ತು. ಈಗ ಇದಕ್ಕೂ ಅದೇ ಹೆಸರಾ?"

ಅಬ್ಬಾ ಉರ್ದು ಶಾಲೆಯ ಮೇಷ್ಟರು. ಉರ್ದುವಿನಲ್ಲಿ 'ಮಾಮೂಲ್' ಎಂದರೆ ದಿನನಿತ್ಯದ ರೂಢಿ, ತಪ್ಪದೆ ಮಾಡುವ ಕೆಲಸ. ಸೂಫಿಗಳು ತಮ್ಮ ನಿತ್ಯದ ಜಪ, ಪ್ರಾರ್ಥನೆಗಳನ್ನು 'ಮಾಮೂಲಾತ್' ಎಂದೇ ಕರೆಯುತ್ತಾರೆ. ಆ ಮಾತು ಒಂದು ಮನೆಯಲ್ಲಿ ಕುರ್‌ಆನ್ ಓದುವುದಕ್ಕೂ ಒಂದು ಕಚೇರಿಯಲ್ಲಿ ಮೇಜಿನ ಕೆಳಗೆ ಕೈ ಚಾಚುವುದಕ್ಕೂ ಹೇಗೆ ಹೊಂದಿಕೊಂಡಿತು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಡಲಿಲ್ಲ. ಕತೆ ಬರೆಯುವವನಿಗೆ ಮಾತುಗಳೇ ಬಂಡವಾಳ. ಅವುಗಳಲ್ಲಿ ಒಂದು ಕಣ್ಣೆದುರೇ ಕೆಟ್ಟು ಹೋಗಿರುವಾಗ, ಅದು ಎಲ್ಲಿ ಕೆಟ್ಟಿತು ಎಂದು ಹುಡುಕದೆ ಇರುವುದು ಹೇಗೆ?

ಹಗ್ಗ ಮತ್ತು ಕೊಡ

ಮೊದಲು ಅಮ್ಮ ಬಳಸಿದ ಮಾತನ್ನೇ ನೋಡೋಣ. ರಿಷ್ವತ್ ಅರಬಿ ಶಬ್ದ. ಹಳಗನ್ನಡಿಗರು ಅದನ್ನು 'ರುಷುವತ್ತು' ಎಂದು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡರು. ಅರಬಿ ನಿಘಂಟುಕಾರರು ಇದನ್ನು 'ರಿಶಾ' ಎಂಬ ಶಬ್ದಕ್ಕೆ ಜೋಡಿಸುತ್ತಾರೆ. ರಿಶಾ ಎಂದರೆ ಬಾವಿಯಿಂದ ನೀರು ಸೇದುವ ಹಗ್ಗ. ನೀರು ಆಳದಲ್ಲಿದೆ, ಕೈಗೆ ಎಟುಕುವುದಿಲ್ಲ. ಹಗ್ಗ ಬಿಟ್ಟರೆ ಮೇಲೆ ಬರುತ್ತದೆ. ಅಧಿಕಾರಿಯ ಬಳಿ ನಮ್ಮ ಕೆಲಸ ಸಿಕ್ಕಿಕೊಂಡಿದೆ. ದುಡ್ಡು ಇಳಿಬಿಟ್ಟರೆ ಮೇಲೆ ಬರುತ್ತದೆ. ಮರಳುಗಾಡಿನ ಜನ ಕೊಟ್ಟ ಹೋಲಿಕೆ ಇದು. ಇನ್ನೊಂದು ವಿವರಣೆಯೂ ನಿಘಂಟುಗಳಲ್ಲಿದೆ: ಹಕ್ಕಿಯ ಮರಿ ಗುಟುಕಿಗಾಗಿ ತಾಯಿಯ ಕಡೆಗೆ ಕತ್ತು ಚಾಚುವುದಕ್ಕೂ ಇದೇ ಧಾತುವಿನ ಕ್ರಿಯಾಪದವಿದೆಯಂತೆ. ಲಂಚಕ್ಕಾಗಿ ಕಾಯುವ ಕಣ್ಣುಗಳನ್ನು ಕಂಡವರಿಗೆ ಈ ಎರಡನೆಯ ಚಿತ್ರವೂ ಅಪರಿಚಿತವೆನಿಸಲಾರದು.

ಈ ಹಗ್ಗಕ್ಕೆ ತಕ್ಕ ಕೊಡವೂ ಇದೆ. ಕುರ್‌ಆನ್‌ನ ಎರಡನೆಯ ಅಧ್ಯಾಯದ 188ನೆಯ ವಚನ, ಒಬ್ಬರ ಸೊತ್ತನ್ನು ಇನ್ನೊಬ್ಬರು ಅನ್ಯಾಯವಾಗಿ ಕಬಳಿಸಬಾರದೆಂದೂ ಪರರ ಸೊತ್ತಿನ ಪಾಲನ್ನು ಪಾಪದ ಹಾದಿಯಲ್ಲಿ ನುಂಗಲು ಅದನ್ನು ಅಧಿಕಾರಸ್ಥರ ಬಳಿಗೆ ಒಯ್ಯಬಾರದೆಂದೂ ಎಚ್ಚರಿಸುತ್ತದೆ. ಅಲ್ಲಿ 'ಒಯ್ಯುವುದು' ಎಂಬರ್ಥದಲ್ಲಿ ಬಳಕೆಯಾದ ಕ್ರಿಯಾಪದ 'ದಲ್ವ್' ಎಂಬ ಶಬ್ದದ ಬಳಗಕ್ಕೆ ಸೇರಿದ್ದು. ದಲ್ವ್ ಎಂದರೆ ಬಾವಿಗೆ ಇಳಿಸುವ ಕೊಡ. ಇದೇ ಕ್ರಿಯಾಪದ ಪ್ರವಾದಿ ಯೂಸುಫ್‌ರ ಕಥೆಯಲ್ಲೂ ಬರುತ್ತದೆ. ಅಣ್ಣಂದಿರು ಬಾವಿಗೆ ತಳ್ಳಿದ ಹುಡುಗ, ದಾರಿಹೋಕರ ತಂಡದ ನೀರುಗಾರ ಇಳಿಸಿದ ಕೊಡದ ನೆಪದಲ್ಲಿ ಹೊರಬರುತ್ತಾನೆ. ಅಲ್ಲಿ ಕೊಡ ಇಳಿದದ್ದು ಬಾಯಾರಿದವರ ನೀರಿಗಾಗಿ, ಮೇಲೆ ಬಂದದ್ದು ಒಂದು ಜೀವ. ಇಲ್ಲಿ ಕೊಡ ಇಳಿಯುವುದು ಅಧಿಕಾರಿಯ ಬಳಿಗೆ, ಮೇಲೆ ಬರುವುದು ಇನ್ನೊಬ್ಬನ ಹಕ್ಕು.

ಆಮಿಲನ ಎರಡು ಗಂಟುಗಳು

ಇನ್ನು ಮಾಮೂಲಿಗೆ ಬರೋಣ. ಇದೂ ಅರಬಿಯದೇ. 'ಅಮಲ್' ಎಂದರೆ ಕೆಲಸ, ಕರ್ಮ. ಮಾಡಲ್ಪಟ್ಟದ್ದು 'ಮಅಮೂಲ್'. ಸಿರಿಯಾ, ಲೆಬನಾನ್, ಪ್ಯಾಲೆಸ್ತೀನ್‌ಗಳಲ್ಲಿ ಈದ್‌ಗೆ ರವೆಯ ಒಡಲಲ್ಲಿ ಖರ್ಜೂರ, ಅಕ್ರೋಟು ತುಂಬಿ ಮಾಡುವ ಒಂದು ಸಿಹಿ ತಿನಿಸಿನ ಹೆಸರೂ ಇದೇ. ನನ್ನ ಅಣ್ಣನ ಮಗ ದುಬೈಯಿಂದ ಬರುವಾಗ ಅದರ ಡಬ್ಬಿಯೊಂದನ್ನು ತಂದಿದ್ದ. ಮೇಲಿನ ಹೆಸರನ್ನು ಓದಿ ಹೇಳಿದಾಗ ಪಕ್ಕದ ಮನೆಯ ಶೆಟ್ಟರು, "ಅಲ್ಲಿ ಮಾಮೂಲನ್ನೂ ಪ್ಯಾಕ್ ಮಾಡಿ ಮಾರ್ತಾರಾ?" ಎಂದು ನಕ್ಕರು. ನಾವೂ ನಕ್ಕೆವು.

ಕೆಲಸ ಮಾಡುವವನು 'ಆಮಿಲ್'. ಪ್ರವಾದಿ(ಸ)ಯವರ ಕಾಲದಲ್ಲಿ ಝಕಾತ್ ವಸೂಲಿಗೆ ನೇಮಕಗೊಂಡವರನ್ನು ಹೀಗೆ ಕರೆಯುತ್ತಿದ್ದರು. ಝಕಾತ್ ಯಾರಿಗೆ ಸಲ್ಲಬೇಕು ಎಂದು ಹೇಳುವ ಕುರ್‌ಆನ್ ವಚನ (9:60) ಬಡವರು, ಸಾಲಗಾರರು, ದಾರಿಹೋಕರ ಜೊತೆಗೆ ಈ ಆಮಿಲರನ್ನೂ ಸೇರಿಸಿದೆ. ಎಂದರೆ ವಸೂಲಿಗಾರನ ಹೊಟ್ಟೆಪಾಡಿಗೆ ಮೊದಲೇ ಏರ್ಪಾಡಾಗಿತ್ತು.

ಆದರೂ ಕೈ ಸುಮ್ಮನಿರಲಿಲ್ಲ. ಅಝ್ದ್ ಬುಡಕಟ್ಟಿನ ಇಬ್ನುಲ್ಲುತ್ಬಿಯ್ಯ ಎಂಬವರು ವಸೂಲಿಗೆ ಹೋಗಿ ಮರಳಿದಾಗ ಎರಡು ಗಂಟುಗಳನ್ನು ಬೇರೆ ಬೇರೆ ಇಟ್ಟರು: ಇದು ಸಮುದಾಯದ್ದು, ಇದು ನನಗೆ ಉಡುಗೊರೆಯಾಗಿ ಬಂದದ್ದು. ಬುಖಾರಿ ಮತ್ತು ಮುಸ್ಲಿಮ್ ಎರಡೂ ಹದೀಸ್ ಸಂಗ್ರಹಗಳಲ್ಲಿ ಈ ಪ್ರಸಂಗವಿದೆ. ಪ್ರವಾದಿ(ಸ) ಅವರನ್ನು ಒಳಗೆ ಕರೆದು ಬುದ್ಧಿ ಹೇಳಿ ಮುಗಿಸಲಿಲ್ಲ. ಮಿಂಬರ್ ಏರಿ ಎಲ್ಲರ ಮುಂದೆ ಕೇಳಿದರು. ಆ ಮನುಷ್ಯ ತನ್ನ ತಂದೆ ತಾಯಿಯರ ಮನೆಯಲ್ಲೇ ಕುಳಿತಿದ್ದರೆ ಆ ಉಡುಗೊರೆ ಅವನನ್ನು ಹುಡುಕಿಕೊಂಡು ಬರುತ್ತಿತ್ತೆ ಎಂಬುದು ಅವರ ಪ್ರಶ್ನೆಯ ಸಾರ. ಉಡುಗೊರೆಗೂ ಲಂಚಕ್ಕೂ ನಡುವಿನ ಗೆರೆಯನ್ನು ಇದಕ್ಕಿಂತ ಸರಳವಾಗಿ ಎಳೆಯಲು ಯಾವ ಕಾನೂನು ಪಂಡಿತನಿಗೂ ಸಾಧ್ಯವಾಗಿಲ್ಲ. ಕೊಡುತ್ತಿರುವುದು ಮನುಷ್ಯನಿಗೋ, ಕುರ್ಚಿಗೋ?

717ರಿಂದ 720ರವರೆಗೆ ಖಲೀಫರಾಗಿದ್ದ ಉಮರ್ ಬಿನ್ ಅಬ್ದುಲ್ ಅಝೀಝ್‌ರು ಸೇಬು ತಿನ್ನಲು ಆಸೆಪಟ್ಟರೂ, ಯಾರೋ ಕಳಿಸಿದ ಸೇಬುಗಳನ್ನು ಮೂಸಿ ನೋಡಿ ಹಿಂದಕ್ಕೆ ಕಳಿಸಿದರೆಂಬ ವರದಿ ಇದೆ. ಪ್ರವಾದಿಯವರೂ ಉಡುಗೊರೆ ಸ್ವೀಕರಿಸುತ್ತಿದ್ದರಲ್ಲ ಎಂದು ಕೇಳಿದವರಿಗೆ, ಅಂದು ಅದು ಉಡುಗೊರೆಯೇ ಆಗಿತ್ತು, ಇಂದು ನಮ್ಮಂಥವರಿಗೆ ಅದು ಲಂಚ ಎಂಬರ್ಥದ ಉತ್ತರ ಕೊಟ್ಟರು. ಹೆಸರು ಅದೇ, ಒಳಗಿನ ವಸ್ತು ಬೇರೆ ಎಂಬುದನ್ನು ಅವರು ಅಷ್ಟು ಹಿಂದೆಯೇ ಕಂಡಿದ್ದರು.

ಅಮಲ್ದಾರ, ಮಾಮಲೇದಾರ, ಅಮಲು

ಈ ಧಾತು ಪಾರಸಿಯ ಹೆಗಲೇರಿ ದಖನ್ನಿಗೆ ಬಂತು. ಆಡಳಿತದ ಭಾಷೆ ಪಾರಸಿಯಾಗಿದ್ದ ಕಾಲದಲ್ಲಿ ಕನ್ನಡ ಅದನ್ನು ಕೈ ಬಿಚ್ಚಿ ತೆಗೆದುಕೊಂಡಿತು. ಹಳೆಯ ಮೈಸೂರಿನ ತಾಲೂಕಿನ ಒಡೆಯ 'ಅಮಲ್ದಾರ'. ಧಾರವಾಡ, ಬೆಳಗಾವಿಗಳಲ್ಲಿ ಅವನೇ 'ಮಾಮಲೇದಾರ'. ಅದೂ ಇದೇ ಧಾತುವಿನ 'ಮುಆಮಲಾ', ಎಂದರೆ ವ್ಯವಹಾರ ಎಂಬ ಶಬ್ದದಿಂದ ಬಂದದ್ದು. ಕಾನೂನು 'ಅಮಲಿಗೆ' ಬರುತ್ತದೆ. ಒಬ್ಬ ದೊರೆಯ ಆಳ್ವಿಕೆ ಅವನ 'ಅಮಲು'. ವಿಚಿತ್ರವೆಂದರೆ ಹೆಂಡ ಕುಡಿದವನಿಗೆ ಏರುವುದೂ 'ಅಮಲು'. ಅಧಿಕಾರಕ್ಕೂ ಮತ್ತಿಗೂ ಕನ್ನಡದಲ್ಲಿ ಒಂದೇ ಮಾತು ಸಾಕಾಯಿತು. ಇದು ಭಾಷೆಯ ಆಕಸ್ಮಿಕವಿರಬಹುದು, ಆದರೆ ನಮ್ಮ ಹಿರಿಯರು ಈ ಎರಡರ ನಡುವೆ ಗೊಂದಲ ಪಟ್ಟಂತೆ ಕಾಣುವುದಿಲ್ಲ.

ಇವುಗಳ ಜೊತೆಗೆ ಬಂದ 'ಮಾಮೂಲು' ಮೊದಲಿಗೆ ಗೌರವದ ಮಾತಾಗಿತ್ತು. ಹಿಂದಿನಿಂದ ನಡೆದು ಬಂದದ್ದು, ಎಲ್ಲರೂ ಒಪ್ಪಿದ್ದು ಎಂದು ಅದರ ಅರ್ಥ. ಹೊಲಕ್ಕೆ ಹೋಗುವ ಮಾಮೂಲು ದಾರಿ, ಕೆರೆಯ ನೀರಿನ ಮಾಮೂಲು ಹಕ್ಕು ಎಂಬ ಮಾತುಗಳನ್ನು ಹಳೆಯ ಪತ್ರಗಳನ್ನು ನೋಡಿದವರು ಬಲ್ಲರು. ಹೊಸ ಅಧಿಕಾರಿ ಬಂದು ಹೊಸ ತೆರಿಗೆ ಹೇರಿದಾಗ, ನೆರೆಯವನು ದಾರಿಗೆ ಬೇಲಿ ಹಾಕಿದಾಗ, ರೈತ ಹಿಡಿಯುತ್ತಿದ್ದ ಗುರಾಣಿ ಈ ಮಾತು. 'ಇದು ಮಾಮೂಲಲ್ಲ ಸ್ವಾಮಿ' ಎಂದರೆ 'ಇದು ಅನ್ಯಾಯ' ಎಂದೇ ಅರ್ಥ. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಪ್ರಕಟಿಸಿದ 'ಹಾಬ್ಸನ್-ಜಾಬ್ಸನ್' ಎಂಬ ಹೆಸರಾಂತ ಪದಕೋಶದಲ್ಲೂ ಮಾಮೂಲಿಗೆ ರೂಢಿ, ಪೂರ್ವಪದ್ಧತಿ ಎಂಬ ಅರ್ಥವೇ ಇದೆ.

ಹಾಗಾದರೆ ಗುರಾಣಿ ಕತ್ತಿಯಾದದ್ದು ಹೇಗೆ? ಇದರ ಸುಳಿವು ಅಧಿಕಾರ ನಡೆದ ರೀತಿಯಲ್ಲಿದೆ. ದೊಡ್ಡವರನ್ನು ಬರಿಗೈಯಲ್ಲಿ ಕಾಣಬಾರದೆಂಬ ರೂಢಿ ದರ್ಬಾರುಗಳಲ್ಲಿತ್ತು. ಒಪ್ಪಿಸಿದ್ದು 'ನಜರು', 'ನಜರಾನೆ'. ಅದರ ಮೂಲ ಶಬ್ದದ ಅರ್ಥ ಹರಕೆ. ವ್ಯಾಪಾರದಲ್ಲಿ ದಲ್ಲಾಳಿ ಮುರಿದುಕೊಳ್ಳುವ ಪಾಲು 'ದಸ್ತೂರಿ'. ದಸ್ತೂರ್ ಎಂದರೂ ಪಾರಸಿಯಲ್ಲಿ ರೂಢಿಯೇ. ಮುಂಬಯಿಯ ದಾದಾಗಳು ಎತ್ತುವ 'ಹಫ್ತಾ' ಎಂದರೆ ಬರಿಯ ವಾರ. ಗಮನಿಸಿ, ಇವುಗಳಲ್ಲಿ ಒಂದು ಮಾತಿಗೂ ಹುಟ್ಟಿನಲ್ಲಿ ಕೆಟ್ಟ ಅರ್ಥವಿಲ್ಲ. ಹರಕೆ, ರೂಢಿ, ವಾರ! ಕಳ್ಳ ಯಾವಾಗಲೂ ಒಳ್ಳೆಯ ಬಟ್ಟೆ ತೊಟ್ಟೇ ಬರುತ್ತಾನೆ.

ಈಸ್ಟ್ ಇಂಡಿಯಾ ಕಂಪೆನಿಯವರು ಈ ನಜರಾನೆಯ ರುಚಿಯನ್ನು ಬಹುಬೇಗ ಕಲಿತರು. 1757ರ ಪ್ಲಾಸಿ ಯುದ್ಧದ ನಂತರ ಮೀರ್ ಜಾಫರನಿಂದ ರಾಬರ್ಟ್ ಕ್ಲೈವ್‌ಗೆ ಸಂದದ್ದು 2,34,000 ಪೌಂಡು. ಅದನ್ನು ಲಂಚ ಎನ್ನಲಿಲ್ಲ, ಉಡುಗೊರೆ ಎಂದರು. ನೌಕರರು ಉಡುಗೊರೆ ಪಡೆಯುವುದನ್ನು 1773ರ ರೆಗ್ಯುಲೇಟಿಂಗ್ ಕಾಯ್ದೆ ನಿಷೇಧಿಸಿತು. ಉಡುಗೊರೆಗಳ ಆರೋಪವನ್ನೂ ಹೊತ್ತ ವಾರನ್ ಹೇಸ್ಟಿಂಗ್ಸನ ವಿಚಾರಣೆ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ 1788ರಲ್ಲಿ ಶುರುವಾಗಿ ಏಳು ವರ್ಷ ಎಳೆದು, 1795ರಲ್ಲಿ ಆತನ ಬಿಡುಗಡೆಯಲ್ಲಿ ಮುಗಿಯಿತು.

ಈ ನಡುವೆ ಕಾರ್ನ್‌ವಾಲಿಸ್ ಒಂದು ಉಪಾಯ ಮಾಡಿದ. ಇಂಗ್ಲಿಷ್ ಕಲೆಕ್ಟರರಿಗೆ ತಿಂಗಳಿಗೆ 1,500 ರೂಪಾಯಿ ಸಂಬಳ, ಮೇಲೆ ವಸೂಲಾತಿಯಲ್ಲಿ ಶೇಕಡಾ ಒಂದರ ಪಾಲು. ಸಾಹೇಬರ ಕೈ ತಕ್ಕಮಟ್ಟಿಗೆ ಶುದ್ಧವಾಯಿತು. ಆದರೆ ಕೆಳಗೆ ಕುಳಿತು ಲೆಕ್ಕ ಬರೆಯುವ, ಊರೂರು ಸುತ್ತುವ ಭಾರತೀಯ ನೌಕರನ ಸಂಬಳ ಪುಡಿಗಾಸು. ದೊಡ್ಡ ಹುದ್ದೆಗಳ ಬಾಗಿಲು ಅವನಿಗೆ ಮುಚ್ಚಿತ್ತು. ಊರಿನವರಿಗೆ ಸರಕಾರವೆಂದರೆ ಅವನೇ. ಸಂಬಳದಲ್ಲಿ ಕೊಡದ್ದನ್ನು ಜನರಿಂದ ಕಿತ್ತುಕೋ ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. 1799ರಲ್ಲಿ ಕೆನರಾದ ಕಲೆಕ್ಟರಾಗಿ, 1820ರಲ್ಲಿ ಮದರಾಸಿನ ಗವರ್ನರಾದ ಥಾಮಸ್ ಮನ್ರೋ ಇದನ್ನು ಕಂಡಿದ್ದ. ದೇಶದ ಜನರನ್ನು ಉನ್ನತ ಹುದ್ದೆಗಳಿಂದ ದೂರವಿಟ್ಟು, ಕಡಿಮೆ ಸಂಬಳಕ್ಕೆ ದುಡಿಸಿ, ಅವರಿಂದ ಪ್ರಾಮಾಣಿಕತೆ ನಿರೀಕ್ಷಿಸಲಾಗದು ಎಂಬುದು 1824ರ ತನ್ನ ಟಿಪ್ಪಣಿಯಲ್ಲಿ ಅವನು ಮಂಡಿಸಿದ ವಾದದ ತಿರುಳು.

ದೇಶೀ ರಾಜರ ಸೀಮೆಯಲ್ಲೂ ಸ್ಥಿತಿ ಬೇರೆಯಾಗಿರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನಲ್ಲಿ 'ಶರತ್ತಿನ' ಪದ್ಧತಿ ಇತ್ತು. ಇಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಅಮಲ್ದಾರ ಕರಾರು ಬರೆದುಕೊಡಬೇಕು, ಕಡಿಮೆಯಾದರೆ ತಾನೇ ತುಂಬಬೇಕು. ಅವನು ತುಂಬಿಸುತ್ತಿದ್ದದ್ದು ರೈತನ ಕಣಜದಿಂದ. 1830-31ರ ನಗರದ ದಂಗೆಯ ಹಿಂದೆ ಈ ಅಮಲ್ದಾರರ ಕಿರುಕುಳವೂ ಇತ್ತು. ಆ ದಂಗೆಯನ್ನೇ ನೆಪವಾಗಿಸಿಕೊಂಡು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನು ಕಿತ್ತುಕೊಂಡರು. ವಸೂಲಿಗಾರನ ದುರಾಸೆ ಒಂದು ರಾಜ್ಯದ ಸ್ವಾತಂತ್ರ್ಯಕ್ಕೂ ಬೆಲೆ ಕಟ್ಟಿತು.

ಹೀಗೆ ಪ್ರತಿ ಸುಗ್ಗಿಗೆ, ಪ್ರತಿ ಜಮಾಬಂದಿಗೆ, ಪ್ರತಿ ಸಹಿಗೆ ಕೊಡುತ್ತ ಕೊಡುತ್ತ ಅದೂ 'ಹಿಂದಿನಿಂದ ನಡೆದು ಬಂದದ್ದು' ಆಯಿತು. ಮಾಮೂಲಿನ ಅರ್ಥ ಬದಲಾಗಲೇ ಇಲ್ಲ ಎಂದರೂ ಸರಿಯೆ. ನಮ್ಮ ರೂಢಿ ಬದಲಾಯಿತು, ಮಾತು ಅದನ್ನು ನಿಷ್ಠೆಯಿಂದ ಹಿಂಬಾಲಿಸಿತು. ತೆಲುಗಿನಲ್ಲೂ ತಮಿಳಿನಲ್ಲೂ ಇದೇ ಆಗಿದೆ. ಉತ್ತರದ ಉರ್ದುವಿನಲ್ಲಿ ಮಾತ್ರ ಈ ಮಾತು ಇಂದಿಗೂ ನಿರ್ದೋಷಿ.

ಲಂಚದಿಂದ ಗಿಂಬಳಕ್ಕೆ

ಈ ರೋಗ ಪಾರಸಿ ಮಾತುಗಳ ಜೊತೆ ಹಡಗೇರಿ ಬಂತು ಎಂದು ಯಾರೂ ತಿಳಿಯಬೇಕಾಗಿಲ್ಲ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸರಕಾರಿ ಹಣ ನುಂಗುವ ನಲವತ್ತು ಬಗೆಗಳ ಪಟ್ಟಿಯೇ ಇದೆ. ನೀರಿನಲ್ಲಿರುವ ಮೀನು ಯಾವಾಗ ನೀರು ಕುಡಿಯಿತೆಂದು ತಿಳಿಯದಂತೆ ಅಧಿಕಾರಿ ಹಣ ತಿನ್ನುವುದೂ ತಿಳಿಯದು ಎಂಬ ಅವನ ಹೋಲಿಕೆ ಪ್ರಸಿದ್ಧ. ಹನ್ನೆರಡನೆಯ ಶತಮಾನದಲ್ಲಿ ಅಂಗಳ ಗುಡಿಸುವ ಕಾಯಕದ ಶರಣೆ ಸತ್ಯಕ್ಕ, ಲಂಚಕ್ಕೆ ಕೈಯೊಡ್ಡುವುದಿಲ್ಲ, ದಾರಿಯಲ್ಲಿ ಬಿದ್ದ ಹೊನ್ನನ್ನೂ ಮುಟ್ಟುವುದಿಲ್ಲ ಎಂದು ತನ್ನ ವಚನದಲ್ಲಿ ಆಣೆಯಿಟ್ಟಿದ್ದಾಳೆ. ಲಂಚದ ವಿರುದ್ಧ ಕನ್ನಡದ ಈ ದೊಡ್ಡ ಪ್ರತಿಜ್ಞೆಯನ್ನು ಮಾಡಿದವಳು ಅಧಿಕಾರವೇ ಇಲ್ಲದ ಒಬ್ಬ ಕಸಗುಡಿಸುವ ಹೆಂಗಸು ಎಂಬುದನ್ನು ನಮ್ಮ ಕಚೇರಿಗಳ ಗೋಡೆಯ ಮೇಲೆ ಬರೆಸಬೇಕು.

ಕನ್ನಡದ ಸ್ವಂತ ಕೊಡುಗೆ 'ಗಿಂಬಳ'. ಊಟ ಗೀಟ, ಮನೆ ಗಿನೆ ಎನ್ನುವಂತೆ ಸಂಬಳ ಗಿಂಬಳ ಎಂದರು. ಗೀಟಕ್ಕೂ ಗಿನೆಗೂ ಅರ್ಥವಿಲ್ಲ. ಗಿಂಬಳಕ್ಕೆ ಮಾತ್ರ ಅರ್ಥ ಹುಟ್ಟಿತು, ಅದು ನಿಘಂಟಿಗೂ ಏರಿತು. ಸಂಬಳ ಸಂಸ್ಕೃತದ 'ಶಂಬಲ'ದಿಂದ ಬಂದದ್ದು; ಪ್ರಯಾಣಕ್ಕೆ ಕಟ್ಟಿಕೊಂಡು ಹೋಗುವ ಬುತ್ತಿ ಎಂದು ಅದರ ಅರ್ಥ. ದಾರಿಬುತ್ತಿಯ ನೆರಳೇ ಎದ್ದು ಬುತ್ತಿಯನ್ನು ತಿಂದಂತಾಯಿತು.

ಇನ್ನು ಪತ್ರಿಕೆಗಳ ಮಾತು 'ಭ್ರಷ್ಟಾಚಾರ'. ಭ್ರಷ್ಟ ಎಂದರೆ ಜಾರಿ ಬಿದ್ದದ್ದು. ಆಚಾರದಿಂದ ಬಿದ್ದವನು ಭ್ರಷ್ಟ. ಈ ಮಾತು ಒಂದು ಭರವಸೆಯನ್ನು ಉಳಿಸಿಕೊಂಡಿದೆ: ಆಚಾರ ಮೇಲೆಯೇ ಇದೆ, ಬಿದ್ದವನು ಇವನೊಬ್ಬ. ಮಾಮೂಲು ಹೇಳುವುದು ಇದಕ್ಕಿಂತ ಭಯಾನಕವಾದದ್ದನ್ನು. ಯಾರೂ ಬಿದ್ದಿಲ್ಲ, ಇದೇ ಆಚಾರ ಎನ್ನುತ್ತದೆ ಅದು. ಹಾಗಾಗಿಯೇ ಆ ಗುಮಾಸ್ತರಿಗೆ ಅದನ್ನು ಹೇಳಲು ನಾಚಿಕೆಯಾಗಲಿಲ್ಲ, ನನಗೆ ಕೊಡಲು ನಾಚಿಕೆಯಾಗಲಿಲ್ಲ.

ಕೊಟ್ಟವನ ಪಾಲು

ಕಾನೂನುಗಳು ಬರುತ್ತಲೇ ಇವೆ. 1860ರ ದಂಡ ಸಂಹಿತೆಯ 161ನೆಯ ಕಲಮಿನಿಂದ 1947ರ, ಅನಂತರ 1988ರ ಭ್ರಷ್ಟಾಚಾರ ತಡೆ ಕಾಯ್ದೆಯವರೆಗೆ ದೊಡ್ಡ ಪರಂಪರೆಯೇ ಇದೆ. ಕೆಲಸ ಬೇಗ ಮಾಡಿಸಲು ಕೊಡುವ ದುಡ್ಡೇ ವಿಳಂಬವನ್ನು ಹುಟ್ಟಿಸುತ್ತದೆ ಎಂಬ ಎಚ್ಚರಿಕೆ 1964ರ ಸಂತಾನಂ ಸಮಿತಿಯ ಕಾಲದಿಂದ ಕೇಳಿಬರುತ್ತಿದೆ. ಕರ್ನಾಟಕದಲ್ಲಿ 1984ರ ಲೋಕಾಯುಕ್ತ ಕಾಯ್ದೆ ಇದೆ. 2016ರಲ್ಲಿ ಲೋಕಾಯುಕ್ತದ ಹಲ್ಲು ಕಿತ್ತು ಬೇರೆ ದಳ ಕಟ್ಟಲಾಯಿತು; 2022ರಲ್ಲಿ ಹೈಕೋರ್ಟ್ ಅದನ್ನು ರದ್ದುಪಡಿಸಿ ಹಲ್ಲನ್ನು ಮರಳಿಸಿತು. 2011ರ 'ಸಕಾಲ' ಕಾಯ್ದೆಯ ಪ್ರಕಾರ ನಿಗದಿತ ದಿನಗಳಲ್ಲಿ ಸೇವೆ ಸಿಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಂತೆ ಪರಿಹಾರ ಕೇಳುವ ಹಕ್ಕು ನಮಗಿದೆ. ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೇವೆ?

2018ರ ತಿದ್ದುಪಡಿ ಕೊಟ್ಟವನನ್ನೂ ನೇರವಾಗಿ ಅಪರಾಧಿಯಾಗಿಸಿತು. ಒತ್ತಾಯಕ್ಕೆ ಮಣಿದು ಕೊಟ್ಟವನಿಗೆ ರಕ್ಷಣೆ ಉಂಟು, ಆದರೆ ಅವನು ಏಳು ದಿನಗಳೊಳಗೆ ದೂರು ಕೊಡಬೇಕು. ಹದೀಸಿನಲ್ಲಿ ಕೊಡುವವನೂ ತೆಗೆದುಕೊಳ್ಳುವವನೂ ಒಂದೇ ಶಾಪದಡಿ ನಿಲ್ಲುತ್ತಾರೆ. ಒಂದು ವರದಿಯಲ್ಲಿ ನಡುವೆ ಓಡಾಡುವ ದಲ್ಲಾಳಿಯೂ ಸೇರಿದ್ದಾನೆ. ತನ್ನ ಹಕ್ಕನ್ನು ಪಡೆಯಲು ಬೇರೆ ದಾರಿಯೇ ಇಲ್ಲದೆ ಕೊಟ್ಟವನ ಪಾಪ ತೆಗೆದುಕೊಂಡವನ ಮೇಲಿದೆ ಎಂದು ಅನೇಕ ಫಿಕ್ಹ್ ವಿದ್ವಾಂಸರು ಹೇಳಿದ್ದಾರೆ.

ಈ ಸಂದಿಯಲ್ಲಿ ನಾನು ಬಹಳ ದಿನ ಅಡಗಿ ಕುಳಿತೆ. ಆದರೆ ನನಗೆ ಬೇರೆ ದಾರಿ ಇರಲಿಲ್ಲವೆ? ಅರ್ಜಿಗೆ ಸ್ವೀಕೃತಿ ಕೇಳಬಹುದಿತ್ತು. ಮೇಲಧಿಕಾರಿಗೆ ಬರೆಯಬಹುದಿತ್ತು. ಇನ್ನೊಂದು ತಿಂಗಳು ಕಾಯಬಹುದಿತ್ತು. ಖಾತೆ ತಡವಾದರೆ ಅಮ್ಮನನ್ನು ಯಾರೂ ಮನೆಯಿಂದ ಹೊರಗೆ ಹಾಕುತ್ತಿರಲಿಲ್ಲ. ನನಗಿದ್ದದ್ದು ಒತ್ತಾಯವಲ್ಲ, ಅವಸರ. ಏಳು ದಿನಗಳಲ್ಲಿ ನಾನು ದೂರು ಕೊಡಲಿಲ್ಲ, ಎಂಟನೆಯ ದಿನವೂ ಕೊಡಲಿಲ್ಲ. ಲಂಚ ಎಂದು ಅವರು ಕೇಳಿದ್ದರೆ ಬಹುಶಃ ಜಗಳವಾಡುತ್ತಿದ್ದೆ. ಮಾಮೂಲು ಎಂದರು, ಸುಮ್ಮನೆ ಜೇಬಿಗೆ ಕೈ ಹಾಕಿದೆ. ಒಂದು ಮಾತಿನ ಶಕ್ತಿ ಇಷ್ಟಿದೆ.

ಮಾತುಗಳನ್ನು ಅವುಗಳ ಹಳೆಯ ಅರ್ಥಕ್ಕೆ ಎಳೆದು ತರುವುದು ಯಾರ ಕೈಯಲ್ಲೂ ಇಲ್ಲ. ಆದರೆ ಕೊಟ್ಟದ್ದಕ್ಕೆ ಅದರ ನಿಜವಾದ ಹೆಸರಿಟ್ಟು ಕರೆಯುವುದು ನಮ್ಮ ಕೈಯಲ್ಲಿದೆ. ಹಾಗೆ ಕರೆದರೆ ಮುಂದಿನ ಸಲ ಕೈ ಜೇಬಿಗೆ ಹೋಗುವ ಮುನ್ನ ಒಂದು ಗಳಿಗೆ ತಡೆಯುತ್ತದೆ.

ಇದನ್ನು ಬರೆಯಲು ಕೂರುವ ಮೊದಲು ಅಮ್ಮನ ಬಳಿ ಹೋಗಿ, "ಅಮ್ಮಾ, ವೋ ದಿನ್ ಮೈ ದಿಯಾ ಸೋ ರಿಷ್ವತ್‌ಚ್ ಥಾ" ಎಂದೆ. ಅಮ್ಮ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮಾಲೂಮ್ ಹೈ" ಎಂದಷ್ಟೇ ಹೇಳಿ, ಗುರುತಿಗೆ ಬೆರಳಿಟ್ಟಿದ್ದ ಪುಟವನ್ನು ಮತ್ತೆ ತೆರೆದರು. ಫಜ್ರ್ ಆದ ಮೇಲಿನ ಹೊತ್ತು. ಅಬ್ಬಾನ ಮಾಮೂಲನ್ನು ಈಗ ಅವರು ನಡೆಸುತ್ತಿದ್ದಾರೆ.